ಎತ್ತಿದ ಬಾಯೇ ಇಳಿಸಬೇಕು

ಅಥವಾ ಆ ಕೆಂಪು ಗುಂಡಿಯನ್ನು ಒತ್ತಿದ್ದು ನಾನೇ ಅಲ್ಲವೇನೋ. ಬೆರಳಿನ ಕೆಳಗೆ ಪ್ಲಾಸ್ಟಿಕ್ಕು ತಣ್ಣಗಿದ್ದದ್ದು ನೆನಪಿದೆ. ಆದರೆ ಅದು ಆ ಟೇಪ್ ರೆಕಾರ್ಡರಿನ ಮೇಲೆ ನೂರಾರು ಸಲ ಬೆರಳಿಟ್ಟವನ ನೆನಪು. ಆ ತಣುಪು ಯಾವ ದಿನದ್ದು ಎಂದು ಬೆರಳು ಹೇಳುವುದಿಲ್ಲ. ಮೆಕ್ಯಾನಿಕ್ ಸಾಬರು ಒತ್ತಿದ್ದು ತಾವೇ ಎನ್ನುತ್ತಾರೆ. ಮೊಳಕಾಲ್ಮೂರಿನ ನೇಯ್ಗೆಯ ಹೆಂಗಸು ಹೇಳುವುದೇ ಬೇರೆ. ಆದ್ದರಿಂದ ಗೊತ್ತಿರುವುದನ್ನು ಒಂದು ಕ್ರಮದಲ್ಲಿ ಹೇಳುತ್ತೇನೆ. ಆ ಕ್ರಮವನ್ನೂ ನಾನು ಆಮೇಲೆ ಹೊಂದಿಸಿಕೊಂಡಿರಬಹುದು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತಳಕು ಕಡೆಯ ಒಂದೆರಡು ಹಟ್ಟಿಗಳಲ್ಲಿ, ದಿನ ತುಂಬಿದ ಹೆಂಗಸನ್ನು ಮುಳ್ಳುಬೇಲಿಯ ಆಚೆ ಒಂದು ಗುಡ್ಲಿನಲ್ಲಿ ಇರಿಸುತ್ತಿದ್ದರು. ಹೆರಿಗೆ ಅಲ್ಲೇ, ಬಾಣಂತನದ ಮೊದಲ ದಿನಗಳೂ ಅಲ್ಲೇ. ಹಟ್ಟಿಯ ದೇವರಿಗೆ ಮೈಲಿಗೆ ತಾಗಬಾರದು. ಹೆಣ್ಣುಮಕ್ಕಳ ಆರೋಗ್ಯಕ್ಕೆಂದು ಕೆಲಸ ಮಾಡುವ ಒಂದು ಸಂಸ್ಥೆಯವರು ಭಾಷಣ ಮಾಡಿ ಸೋತಿದ್ದರು. ಹಾಡಿನಿಂದ ಆದೀತು, ಕನ್ನಡ, ತೆಲುಗು, ಉರ್ದು ಮೂರೂ ಮನೆಮಾತಿನವರು ಕೂಡಿ ಕಟ್ಟಿದ ಹಾಡಾದರೆ ಹೊರಗಿನವರು ಬಂದು ಬೈದಂತೆ ಆಗದು, ಕ್ಯಾಸೆಟ್ಟು ಮಾಡಿ ಊರೂರಲ್ಲಿ ಹಾಕಬಹುದು ಎಂದುಕೊಂಡು ನನ್ನನ್ನು ಕರೆದರು. "ಕೊನೆಯಲ್ಲಿ ಭರವಸೆ ಇರಲಿ," ಎಂದು ಅಲ್ಲಿನ ಮೇಡಂ ಮೊದಲೇ ಹೇಳಿದರು.

ನಾನು ಒಪ್ಪಿದ್ದು ಭರವಸೆಗಲ್ಲ. ಆಗ ನನಗೆ ಹಾಡುಗಳನ್ನು ಒಡೆಯುವ ಹುಚ್ಚು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸದ್ದು, ಹರಾಜಿನ ಕೂಗು, ಯಾರದೋ ಕೆಮ್ಮು, ಎಲ್ಲವನ್ನೂ ಟೇಪಿಗೆ ಹಿಡಿದು, ಕತ್ತರಿಸಿ, ತಲೆಕೆಳಗಾಗಿ ಅಂಟಿಸುತ್ತಿದ್ದೆ. ಮೂರು ಭಾಷೆ ಒಂದಕ್ಕೊಂದು ಡಿಕ್ಕಿ ಹೊಡೆಯುವ ಹಾಡು ಎಂದರೆ ನನಗೆ ಹಬ್ಬ.

ಕೆಲಸ ನಡೆದದ್ದು ಚಳ್ಳಕೆರೆಯಲ್ಲಿ ಸಾಬರ ಸ್ಕೂಟರ್ ರಿಪೇರಿ ಶೆಡ್ಡಿನಲ್ಲಿ. ಅವರು ಉರುಸಿನಲ್ಲಿ ಹಾರ್ಮೋನಿಯಂ ನುಡಿಸಿ ಹಾಡುವವರು. ಶುಕ್ರವಾರ ನಮಾಜ್ ಮುಗಿಸಿ ಬಂದ ಮೇಲೆ ಅಂಗಡಿಯ ಅರ್ಧ ಬಾಗಿಲು ಎಳೆದು ಕೂರುತ್ತಿದ್ದೆವು. ಮೊಳಕಾಲ್ಮೂರಿನಿಂದ ಬರುತ್ತಿದ್ದಾಕೆ ರೇಷ್ಮೆ ಸೀರೆ ನೇಯುವ ವಿಧವೆ, ತೆಲುಗು ಮನೆಮಾತು, ಕನ್ನಡವೂ ಅಷ್ಟೇ ಸಲೀಸು. ಹಟ್ಟಿಯಿಂದ ಇಬ್ಬರು: ಹಾಡುಗಾರ್ತಿ ಸೊಸೆ, ಅವಳನ್ನು ಒಬ್ಬಳೇ ಕಳಿಸಲಾಗದೆಂದು ಜೊತೆಗೆ ಬರುತ್ತಿದ್ದ ಅತ್ತೆ. ಸೊಸೆಯ ಗಂಡ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದ. ಅವಳು ಬಸುರಿ. ಆಷಾಢ ಮುಗಿಯುವ ಹೊತ್ತಿಗೆ ದಿನ ತುಂಬುತ್ತವೆ ಎಂದಿದ್ದರು. ಮೊದಲನೆಯ ಕೂಸು ಗುಡ್ಲಿನಲ್ಲೇ ತೀರಿಕೊಂಡಿತ್ತು. ಅದನ್ನು ಅವಳು ಹೇಳಿದ್ದು ಮೈಕ್ ಸರಿಪಡಿಸುತ್ತಿದ್ದಾಗ, ನಾನು ಏನನ್ನೂ ಕೇಳದಿದ್ದಾಗ. "ಮಳಿ ಇಲ್ಲ, ಬರೇ ಗಾಳಿ. ಕೂಸಿನ ಕಾಲು ಮೊದ್ಲು ತಣ್ಣಗಾದ್ವು," ಎಂದಳು. ಆಮೇಲೆ, "ಈಗ ಹಾಡ್ಲಾ ಸಾರ್?" ಎಂದಳು.

ಅವಳು ಎತ್ತಿದ ಸೊಲ್ಲು ಹೀಗಿತ್ತು:

ಬೇಲಿಯ ಆಚೀಗೆ ಬೆಂಕೀಯ ಇಟ್ಟಾರೊ
ಗಾಳಿ ಬಂದದನ ಒಯ್ದೈತೊ – ಹಡೆದವ್ವ
ಯಾರ ಮಗ್ಗುಲಿಗೆ ಕೂಸಿಡಲೊ

ಮೇಲೆ ಶೆಡ್ಡಿನ ತಗಡು ಕಿರುಗುಟ್ಟುತ್ತಿತ್ತು. ನೇಯ್ಗೆಯವಳು, ಹಾಡಿಗೆ ಸೇರಿಸಬೇಕೆಂದಲ್ಲ, ಅವಳಿಗೆ ಉತ್ತರ ಕೊಡುವವಳಂತೆ "ಲೋಪಲಿಕಿ ರಾವಮ್ಮ" ಎಂದು ಮೆಲ್ಲಗೆ ಹಾಡಿದಳು. ಒಳಗೆ ಬಾ ತಾಯಿ. ಸಾಬರು ಗಂಟಲು ಸರಿಮಾಡಿಕೊಂಡು "ಅಂದರ್ ಆಜಾ ಬೇಟಿ" ಎಂದು ಅದೇ ಎಳೆಯ ಮೇಲೆ ಇಳಿದರು. ಕೊನೆಗೆ ಅತ್ತೆ, ತನಗೇ ಗೊತ್ತಿಲ್ಲದಂತೆ, "ಒಳೀಕೆ ಬಾರವ್ವ" ಎಂದಳು. ಪಲ್ಲವಿ ಹೀಗೆ ಬಂತು ಎಂದು ಹೇಳಿಕೊಂಡು ಬಂದಿದ್ದೇನೆ. ಇಷ್ಟು ಚಂದವಾಗಿ ಬಂದಿರಲಾರದು. ಟೇಪಿನಲ್ಲಿ ನಡುವೆ ಯಾರೋ ಚಹಾ ತರಿಸುವ ಮಾತಿದೆ.

ತೊಡಕುಗಳು ಬೇಕಾದಷ್ಟಿದ್ದವು. ಹಟ್ಟಿಯ ಧಾಟಿಯ ಒಂದು ಸ್ವರ ಹಾರ್ಮೋನಿಯಂನ ಎರಡು ಮನೆಗಳ ನಡುವೆ ಜಾರುತ್ತಿತ್ತು. ಸಾಬರು ಪೆಟ್ಟಿಗೆ ಬಿಚ್ಚಿ, ಆ ಸ್ವರದ ಹಿತ್ತಾಳೆ ನಾಲಿಗೆಯನ್ನು ಬುಡದಲ್ಲಿ ಅರದಿಂದ ಉಜ್ಜಿದರು. ಬುಡ ತೆಳುವಾದರೆ ಸ್ವರ ಇಳಿಯುತ್ತದೆ. ನಮ್ಮ ಹಾಡಿಗೆ ಸರಿಹೋಯಿತು, ಅವರ ಹಾಡುಗಳಿಗೆ ಕೆಟ್ಟಿತು. ಉರುಸಿನ ಗೆಳೆಯರು ಅಂಗಡಿಗೇ ಬಂದು, "ಕ್ಯಾ ಭಾಯ್, ಕವ್ವಾಲಿ ಪೆಟ್ಟಿಗೇನ ಸೋಬಾನೆ ಪೆಟ್ಟಿಗೆ ಮಾಡ್ಬಿಟ್ಟೆ? ಮುಂದಿನ್ ಸಲ ಸೆರಗು ಹೊದ್ಕೊಂಡ್ ಬಾ," ಎಂದು ಆಡಿಕೊಂಡರು. ನೇಯ್ಗೆಯವಳು ಮಗ್ಗದ ತುಳಿತದ ಲಯ ತಂದಳು. ಹಟ್ಟಿಯ ಸೊಲ್ಲು ಉಸಿರಿನಷ್ಟು ಉದ್ದ, ಲಯಕ್ಕೆ ಸಿಗುವುದಿಲ್ಲ. ಪಲ್ಲವಿಗೆ ಮಾತ್ರ ತುಳಿತ, ಸೊಲ್ಲಿಗೆ ಬರೀ ಗಾಳಿ ಎಂದು ತೀರ್ಮಾನಿಸಿದೆವು. ಅತ್ತೆಯ ಕೈಯ ಹಿತ್ತಾಳೆ ಕಡಗ ಎಲ್ಲದಕ್ಕೂ ಬಡಿದು ಟೇಪಿನಲ್ಲಿ ಟಿಣ್ ಎನ್ನುತ್ತಿತ್ತು. ತೆಗೆಯಲು ಬರುವಂತಿರಲಿಲ್ಲ, ಬಟ್ಟೆ ಸುತ್ತಿಸಿದೆ. ಸುಮ್ಮನೆ ಕೂರಲಾಗದ ಆಕೆಗೆ ರೆಕಾರ್ಡ್ ಮಾಡುವುದನ್ನೂ ಕಲಿಸಿದೆ: ಕೆಂಪು ಗುಂಡಿ, ಪಕ್ಕದ್ದು, ಎರಡನ್ನೂ ಒಟ್ಟಿಗೆ ಒತ್ತಬೇಕು. ಒಂದನ್ನೇ ಒತ್ತಿದರೆ ಏನೂ ಆಗುವುದಿಲ್ಲ, ಎರಡನ್ನೂ ಒತ್ತಿದರೆ ಟೇಪಿನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ. ಆಕೆ ಅದನ್ನು ಹಾಲು ಕರೆಯುವಷ್ಟು ಗಮನವಿಟ್ಟು ಮಾಡುತ್ತಿದ್ದಳು.

ಮೊದಲ ಸಲ ಪೂರ್ತಿ ಹಾಡಿದಾಗ ಸೊಸೆ ಕೊನೆಗೆ ಮಂಗಳ ಹಾಡಿದಳು. ಹೊಸ್ತಿಲಿಗೆ ದೀಪ, ಮನೆಗೆ ತಂಪು, ಹಡೆದವಳಿಗೆ ಹರಕೆ. ಮೇಡಂಗೆ ಖುಷಿಯಾಯಿತು: ಭರವಸೆ ಬಂತು. ನನಗೆ ಸಿಟ್ಟು. ಗಾಯದ ಮೇಲೆ ಹೂವಿನ ಚಿತ್ರ ಅಂಟಿಸಿದಂತಿತ್ತು. "ಇದನ್ನು ಬಿಟ್ಟುಬಿಡೋಣ. ಕೂಸಿಡಲೊ ಅನ್ನೋ ಪ್ರಶ್ನೆಗೇ ನಿಲ್ಲಲಿ," ಎಂದೆ.

ಅತ್ತೆ ಎದ್ದು ನಿಂತಳು. "ಅಂಗನ್ಬ್ಯಾಡ್ರಿ. ಮಂಗಳ ಇಲ್ದಿದ್ರೆ ಹಾಡು ತೆರ್ದೇ ಇರ್ತೈತೆ. ಹೊಸ್ಲಾಗೆ ಎತ್ತಿದ ಹಾಡು ಇಳಿಸೋಗಂಟ ಆ ಮನ್ಯಾಗೆ ಇನ್ನೊಂದ್ ಹಾಡು ಎತ್ತಂಗಿಲ್ಲ. ಮದ್ವೆ ಹಾಡು ಇಲ್ಲ, ತೊಟ್ಲು ಹಾಡು ಇಲ್ಲ. ಹಾಡಿನಾಗೆ ಏನ್ ಐತೋ ಅದು ಮನ್ಯಾಗೇ ನಿಂತಿರ್ತೈತೆ."

"ಬೇರೆ ಯಾರಾದರೂ ಇಳಿಸಬಹುದಲ್ಲ?"

"ಎತ್ತಿದ ಬಾಯೇ ಇಳಿಸ್ಬೇಕು. ಬ್ಯಾರೆ ಬಾಯಿಗೆ ಬರಲ್ಲ."

"ಇದು ಶೆಡ್ಡು ಅಜ್ಜಿ, ಹೊಸ್ಲಿಲ್ಲ. ಟೈರ್ ಐತೆ, ಟ್ಯೂಬ್ ಐತೆ," ಎಂದು ಸಾಬರು ನಗಿಸಲು ನೋಡಿದರು. ಆಕೆ ನಗಲಿಲ್ಲ. ಸೊಸೆ ತಲೆ ಬಗ್ಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ಮುಂದಿನ ಶುಕ್ರವಾರ ಬಂದವಳೇ, "ಸಾರ್ ಅಂದಂಗೇ ಇರ್ಲಿ. ಮಂಗಳ ಬ್ಯಾಡ," ಎಂದಳು. ನನ್ನ ಪ್ರಯೋಗ ಅವಳಿಗೆ ಹಿಡಿಸಿತೆಂದು ನಾನು ಹಿಗ್ಗಿದೆ.

ಅವಳಿಗೆ ಬಸ್ಸಿನಲ್ಲಿ ಬರುವುದು ಕಷ್ಟವಾದಾಗ ನಾವೇ ಹಟ್ಟಿಗೆ ಹೋಗತೊಡಗಿದೆವು. ಆಷಾಢದ ಗಾಳಿ. ಮೋಡಗಳು ಬರುತ್ತಿದ್ದವು, ನಿಲ್ಲದೆ ಹೋಗುತ್ತಿದ್ದವು. ಮೊದಲ ಸಲ ಹೋದಾಗ ಬೇಲಿಯ ಆಚೆ, ದನ ಮೇಯುವ ಕಾವಲಿನ ಹುಲ್ಲು ಶುರುವಾಗುವಲ್ಲಿ, ನಾಲ್ಕು ಗೂಟ ಹುಗಿದಿದ್ದರು. ಎರಡನೇ ಸಲ ಗೂಟಗಳ ಮೇಲೆ ಸೋಗೆ ಬಂದಿತ್ತು. ಸಂಜೆ ಕಾವಲಿನ ಕಡೆಯಿಂದ ತೋಳ ಊಳಿಟ್ಟಿತು, ಹಟ್ಟಿಯ ನಾಯಿಗಳು ಬೊಗಳಲಿಲ್ಲ. ಮೂರನೇ ಸಲ ಗುಡ್ಲಿನ ಬಾಯಿಗೆ ಈಚಲು ಚಾಪೆ ಕಟ್ಟಿ, ಒಂದು ಹೊಸ ಮಡಕೆ ಮಗುಚಿ ಇಟ್ಟಿದ್ದರು. ಸೊಸೆ ಅತ್ತ ನೋಡದೆ ರಾಗಿ ಕೇರುತ್ತಿದ್ದಳು.

ಆ ದಿನವೇ ಹಾಡು ಹಟ್ಟಿಯೆದುರು ಆಗಬೇಕಿತ್ತು. ಹೊಂಗೆ ಮರದ ಕೆಳಗೆ ಎಂದು ಮೇಡಂ ಗೊತ್ತು ಮಾಡಿದ್ದರು. ಜನ ಸೇರಿದರು. ಸಾಬರು ಪೆಟ್ಟಿಗೆ ತೆಗೆದರು. ಹಾಡುಗಾರ್ತಿ ಮರದ ಕೆಳಗೆ ಬರಲಿಲ್ಲ. ತನ್ನ ಮನೆಯ ಹೊಸ್ತಿಲ ಮೇಲೆ ನಿಂತು, ಬಾಗಿಲ ತೋಳಿಗೆ ಒರಗಿ, ಅಲ್ಲಿಂದಲೇ ಎತ್ತಿದಳು. ನಾವು ಓಡಿ ಅಲ್ಲಿಗೇ ಹೋದೆವು. ಪಲ್ಲವಿಗೆ ಹಟ್ಟಿಯ ಹೆಂಗಸರೂ ದನಿ ಸೇರಿಸಿದರು. ಕೊನೆಯ ಸೊಲ್ಲು ಬಂತು. ಯಾರ ಮಗ್ಗುಲಿಗೆ ಕೂಸಿಡಲೊ. ಅವಳು ನಿಲ್ಲಿಸಿದಳು.

ಹೆಂಗಸರು ಕಾದರು. ಮಂಗಳಕ್ಕೆ ಒಬ್ಬಳು ಆಗಲೇ ದೀಪ ತಂದಿದ್ದಳು. ಅಂಗೈ ಮರೆಯಲ್ಲಿ ಅದು ಗಾಳಿಗೆ ಹೊಡೆದುಕೊಳ್ಳುತ್ತಿತ್ತು.

"ಇಳ್ಸೇ," ಎಂದಳು ಅತ್ತೆ, ಹಲ್ಲು ಕಚ್ಚಿ.

"ಇಳಿಸ್ತೀನಿ ಅತ್ತೆ. ಒಳಗೆ ಹೆತ್ತು ಇಳಿಸ್ತೀನಿ."

"ನಿನ್ ಮೈದ್ನನ ಮದ್ವೆ ಐತೆ ಶ್ರಾವಣಕ್ಕೆ!"

"ಐತೆ."

"ಲೇ, ಹೆಣ್ಣೇ, ನಿನಗೇನಾರ ಆದ್ರೆ?"

"ಆದ್ರೆ ತೆರ್ದೇ ಇರ್ತೈತೆ," ಎಂದು ಅವಳು ಒಳಗೆ ಹೋದಳು.

ಆಗ ನನಗೆ ಅರ್ಥವಾಯಿತು, ಅವಳು ತೆಗೆದುಕೊಂಡದ್ದು ಅತ್ತೆಯ ಮಾತನ್ನು, ನನ್ನ ಪ್ರಯೋಗವನ್ನಲ್ಲ.

ಹಟ್ಟಿಯ ಯಜಮಾನರು ನಮಗೆ ಚಹಾ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಕುಡೀರಿ. ಹಾಡು ಚೆನ್ನಾಗೈತೆ. ಸಾಬ್ರ ಗಂಟ್ಲು ಬಾಳ ಚೆನ್ನಾಗೈತೆ," ಎಂದರು. ಲೋಟಗಳನ್ನು ತಾವೇ ತಿರುಗಿ ತೆಗೆದುಕೊಂಡು, "ಇನ್ನ ಬರಾದ್ ಬ್ಯಾಡ," ಎಂದರು. ವಾರದೊಳಗೆ ಸಂಸ್ಥೆಯವರು ಕ್ಯಾಸೆಟ್ಟು ಕೈಬಿಟ್ಟರು. ಜನರಲ್ಲಿ ಭಯ ಹುಟ್ಟಿಸುವುದು ತಮ್ಮ ಉದ್ದೇಶವಲ್ಲ ಎಂದರು. ಅದು ಸುಳ್ಳೂ ಅಲ್ಲ. ಹಟ್ಟಿಯಲ್ಲಿ ಭಯ ಹುಟ್ಟಿತ್ತು. ಒಂದು ಮೇಕೆ ಸತ್ತರೆ ಹಾಡಿನಿಂದ, ಯಾರದೋ ಮಗ್ಗುಲು ನೋವು ಹಾಡಿನಿಂದ ಎಂದು ತಳಕಿನ ಬಸ್ಸಿನವರೆಗೂ ಸುದ್ದಿ.

ಅಂಥ ಒಂದು ಶುಕ್ರವಾರ ಅತ್ತೆ ಒಬ್ಬಳೇ ಶೆಡ್ಡಿಗೆ ಬಂದಳು. ನೇಯ್ಗೆಯವಳೂ ಅಲ್ಲಿದ್ದಳು, ಕೂಸಿಗೆಂದು ಹಳೆಯ ಸೀರೆಯಲ್ಲಿ ತೊಟ್ಟಿಲ ಬಟ್ಟೆ ಹೊಲಿದು ತಂದಿದ್ದಳು, ತಲುಪಿಸುವ ದಾರಿ ನೋಡುತ್ತಿದ್ದಳು. ಅತ್ತೆ ಅದರ ಕಡೆ ಕಣ್ಣು ಹಾಯಿಸಲಿಲ್ಲ.

"ಸಾಬಣ್ಣ, ಆ ಡಬ್ಬೀಲಿ ನನ್ ಸೊಸೆ ಮಂಗಳ ಐತಲ್ಲ? ಮೊದ್ಲು ಹಾಡಿದ್ದು?"

ಇತ್ತು.

"ಅದನ್ನ ಕೊಡ್ರಿ. ಹೊಸ್ಲಾಗಿಟ್ಟು ಹಾಕ್ತೀನಿ. ಅವಳ್ದೇ ಬಾಯಿ, ಅವಳ್ದೇ ದನಿ. ಇಳಿಸ್ದಂಗಾತು."

"ಡಬ್ಬಿ ಹಾಡಿದ್ರೆ ಅವಳು ಹಾಡಿದಂಗಾ ಅಜ್ಜಿ?"

"ನೀವೇ ಅಲ್ವೇನಪ್ಪ, ಡಬ್ಬಿ ಹಾಕಿ ಊರೂರು ತಿದ್ತೀವಿ ಅಂದೋರು? ಊರು ಕೇಳ್ತೈತೆ ಅಂದ್ಮ್ಯಾಲೆ ದೇವ್ರು ಕೇಳಲ್ವಾ?"

ದನಿಯನ್ನು ಬಾಯಿಯಿಂದ ಕತ್ತರಿಸಿ ಬೇರೆಡೆ ಅಂಟಿಸಬಹುದು ಎಂದು ಅಲ್ಲಿಯವರೆಗೆ ವಾದಿಸಿಕೊಂಡು ಬಂದವನು ನಾನೇ.

ನೇಯ್ಗೆಯವಳು ಕೇಳಿದಳು: "ಅಲ್ಲಮ್ಮಾ, ಇಳಿಸಿಬಿಟ್ರೆ ಆಮೇಲೆ ಆ ಪಿಲ್ಲನ್ನ, ನಿಮ್ ಸೊಸೇನ, ಎಲ್ಲಿಗೆ ಕಳಿಸ್ತೀರಿ?"

"ಗುಡ್ಲು ಕಟ್ಟೈತೆ."

"ಮೊದ್ಲು ಕಟ್ಟಿದ್ರಲ್ಲ, ಅಂಥದ್ದೇನಾ?"

"ಆ ಕೂಸನ್ನ ಮಣ್ಣಿಗಿಟ್ಟೋಳು ನಾನು. ನೀನಲ್ಲ," ಎಂದಳು ಅತ್ತೆ. ಕೈಯ ಕಡಗ ತಿರುಗಿಸಿದಳು. ಅವತ್ತು ಅದಕ್ಕೆ ಬಟ್ಟೆ ಸುತ್ತಿರಲಿಲ್ಲ. "ಹಾಡು ಮೈಮೇಲಿಟ್ಕಂಡು ಹೆರಕ್ಕೆ ಹೋಗ್ತಾಳಲ್ಲವ್ವ. ಹೋಗ್ಬಿಟ್ರೆ ಯಾರಿಳಿಸ್ತಾರೆ? ಅವಳ ಜೀವ ಹೊಸ್ಲಾಗೇ ತೂಗಾಡ್ತೈತೆ. ಅದನ್ನ ದಿನಾ ದಾಟಿ ನಾನು ನೀರು ತರ್ಬೇಕಾ?"

ಕೊಡಬಾರದು ಎಂದು ನನಗೆ ತಿಳಿದಿತ್ತು. ಆ ಸೊಸೆಯ ಕೈಯಲ್ಲಿದ್ದದ್ದು ಅದೊಂದೇ. ಅದನ್ನು ಅವಳದೇ ದನಿಯಿಂದ ಕಸಿದುಕೊಳ್ಳುವುದು ನನ್ನ ಟೇಪಿನಿಂದ ಆಗಬಹುದಾದ ಅತಿ ಹೀನ ಕೆಲಸ. ಆದರೂ, ಇದೊಂದರಲ್ಲಿ ನಮ್ಮ ಮೂವರ ನೆನಪೂ ಒಂದೇ, "ನಕಲು ಮಾಡಿ ಕೊಡುತ್ತೇನೆ," ಎಂದವನು ನಾನು. ಆ ಹೆಂಗಸಿನ ಭಯ ನಟನೆಯಾಗಿರಲಿಲ್ಲ. ಮತ್ತು ಅದು ಸುಳ್ಳು ಭಯ ಎಂದು ಹೇಳುವಷ್ಟು ಧೈರ್ಯ ನನಗೂ ಉಳಿದಿರಲಿಲ್ಲ.

ಟೇಪು ಹಾಕಿ ಮಂಗಳ ಕೇಳಿಸಿದೆ. ಸೊಸೆಯ ದನಿ ಶೆಡ್ಡಿನಲ್ಲಿ ಎದ್ದಾಗ ಅತ್ತೆ ಕೈಮುಗಿದಳು. ಮಂಗಳದ ಮೊದಲಿಗೆ ತಿರುಗಿಸಿ ನಿಲ್ಲಿಸಿ, ಇನ್ನೊಂದು ಯಂತ್ರದ ವೈರು ತರಲು ಹಿಂದಿನ ಗೂಡಿಗೆ ಹೋದೆ. ಮೈಕು ಎಂದಿನಂತೆ ಸೂರಿನಿಂದ ತೂಗುತ್ತಿತ್ತು, ಯಂತ್ರಕ್ಕೆ ಸಿಕ್ಕಿಸಿಯೇ ಇತ್ತು. ವೈರು ಹಿಡಿದು ಯಂತ್ರದ ಬಳಿ ಬರುವಷ್ಟರಲ್ಲಿ ಗಾಳಿ ಎದ್ದಿತು. ಬೀದಿಯ ದೂಳೆಲ್ಲ ಒಳಗೆ ನುಗ್ಗಿ ಕಣ್ಣು ಬಿಡಲಾಗಲಿಲ್ಲ, ಸೂರಿನ ಒಂದು ತಗಡು ಮೊಳೆ ಕಿತ್ತುಕೊಂಡು ಮೇಲೆದ್ದಿತು. ಸಾಬರು "ಹಿಡೀರಿ, ಹಿಡೀರಿ" ಎಂದು ಕೂಗಿದರು. ಯಾರು ಹಿಡಿದರು, ಯಾರು ಬಿಟ್ಟರು ಗೊತ್ತಿಲ್ಲ. ದೂಳು ಅಡಗಿದ ಮೇಲೆ ನೋಡಿದರೆ ಯಂತ್ರ ತಿರುಗುತ್ತಿತ್ತು. ಕೆಂಪು ಗುಂಡಿಯೂ ಪಕ್ಕದ್ದೂ ಒಳಗೆ ಕೂತಿದ್ದವು.

ಹಿಂದಕ್ಕೆ ತಿರುಗಿಸಿ ಹಾಕಿದೆ. ಮಂಗಳವಿರಲಿಲ್ಲ. ಬರೀ ಗಾಳಿ. ಅತ್ತೆ ಅದನ್ನು ಕೊನೆಯವರೆಗೂ ಕೇಳಿದಳು.

"ಗಾಳಿ ಒಯ್ದೈತೆ," ಎಂದಳು. ಸೆರಗು ಬಿಗಿದು, ತೊಟ್ಟಿಲ ಬಟ್ಟೆಯನ್ನು ನೇಯ್ಗೆಯವಳ ಮಡಿಲಿನಿಂದ ಎತ್ತಿಕೊಂಡು, ಬಸ್ಸಿಗೆ ಹೊರಟಳು. ನೇಯ್ಗೆಯವಳು ಹಿಂದೆಯೇ ಓಡಿದಳು.

ಮುಂದಿನದು ನಾನು ಕಂಡದ್ದಲ್ಲ. ಹಟ್ಟಿಯಲ್ಲಿ ಉಳಿದಿದ್ದ ನೇಯ್ಗೆಯವಳು ಹೇಳಿದ್ದು. ಒಂದು ಮಧ್ಯಾಹ್ನ ನೋವು ಕಾಣಿಸಿಕೊಂಡಿತು. ಬೇಲಿಯ ಮುಳ್ಳುಗೇಟನ್ನು ಆಗಲೇ ತೆಗೆದಿಟ್ಟಿದ್ದರಂತೆ. ಕರೆದೊಯ್ಯಲು ಹೆಂಗಸರು ಬಂದರು, ಯಜಮಾನರು ದೂರದಲ್ಲಿ ನಿಂತರು. ಸೊಸೆ ಒಳಗೆ ಕಂಬ ಹಿಡಿದು ಕೂತಿದ್ದಳು. ಅತ್ತೆ ಬಂದು ಹೊಸ್ತಿಲ ಮೇಲೆ ಅಡ್ಡ ನಿಂತಳು.

"ದಾರಿ ಬಿಡವ್ವ," ಎಂದರು ಯಜಮಾನರು.

"ಹಾಡು ತೆರ್ದೈತೆ ಯಜಮಾನ. ತೆರ್ದ ಹಾಡಿನ ಮ್ಯಾಲೆ ಬಸುರೀನ ಹೆಂಗೆ ದಾಟಿಸ್ಲಿ? ನೀನ್ ಇಳಿಸ್ತೀಯಾ? ಬಾ, ಇಳ್ಸು."

ಯಾರೂ ಇಳಿಸುವಂತಿರಲಿಲ್ಲ. ಅವರು ಅಲ್ಲೇ ನಿಂತರು, ಅತ್ತೆಯೂ ನಿಂತಳು. ಒಳಗೆ ನೇಯ್ಗೆಯವಳ ಕೈಗೇ ಕೂಸು ಬಂತು. ಹೆಣ್ಣು. ಕಾಲು ಬೆಚ್ಚಗಿದ್ದವು ಎಂದು ಅವಳು ಎರಡೆರಡು ಸಲ ಹೇಳಿದಳು.

ಇದನ್ನು ಗೆಲುವೆಂದು ಬರೆಯಲು ನನಗೆ ಕೈ ಬರುವುದಿಲ್ಲ. ತಾಯಿ ಮಗು ತವರಿಗೆ ಹೋದರಂತೆ. ಮೈದುನನ ಮದುವೆ ನನ್ನಿವಾಳದಲ್ಲಿ ಹೆಣ್ಣಿನ ಮನೆಯ ಮುಂದೆ ಆಯಿತಂತೆ. ಅಲ್ಲಿನ ಹೊಸ್ತಿಲು ಬೇರೆ, ಹಾಡಿಗೆ ಅಡ್ಡಿಯಿರಲಿಲ್ಲ. ಒಳಗೆ ಹೆತ್ತವಳು ಮಾತಿನಂತೆ ಮಂಗಳ ಹಾಡಿದಳೋ, ಇನ್ನುಳಿದವರೂ ಒಳಗೆ ಹೆರುವ ತನಕ ಇಳಿಸುವುದಿಲ್ಲ ಎಂದಳೋ, ಎರಡನ್ನೂ ಕೇಳಿದ್ದೇನೆ. ಮುಂದಿನ ಆಷಾಢದಲ್ಲಿ ಆ ದಾರಿಯಲ್ಲಿ ಹೋಗುವಾಗ ಬಸ್ಸಿನಿಂದ ನೋಡಿದೆ. ಗುಡ್ಲು ಹಾಗೇ ಇತ್ತು. ಸೋಗೆ ಹೊಸದು. ಯಾರಿಗೆಂದು ಬಸ್ಸಿನಿಂದ ತಿಳಿಯುವುದಿಲ್ಲ.

ಸಾಬರು ಈಗಲೂ ಹೇಳುತ್ತಾರೆ: "ನಾನೇ ಒತ್ತಿದ್ದು ಸಾರ್. ಅಲ್ಲಾನೆದುರು ಬೇಕಾದ್ರೂ ಹೇಳ್ತೀನಿ." ಅತ್ತೆಯ ಕೈಯನ್ನು ಯಂತ್ರದ ಮೇಲೆ ದೂಳಿನ ನಡುವೆ ಕಣ್ಣಾರೆ ಕಂಡೆ ಎಂದು ನೇಯ್ಗೆಯವಳು. ನನ್ನ ಬೆರಳಿನದು ಬೇರೆ ಕಥೆ.

ಆ ಟೇಪು ನನ್ನ ಬಳಿ ಇದೆ. ಗಾಳಿ ಶುರುವಾಗುವ ಮೊದಲು, ಗುಂಡಿ ಬಿದ್ದ ಕ್ಷಣಕ್ಕೆ, ಲೋಹ ತಾಗಿದ ಒಂದು ಸಣ್ಣ ಸದ್ದಿದೆ. ಕಡಗವಿರಬಹುದು. ಸಾಬರ ಕೈಯ ಸ್ಪ್ಯಾನರಿರಬಹುದು. ನಾನು ಆಗ ಸ್ಟೀಲಿನ ಪಟ್ಟಿಯ ಗಡಿಯಾರ ಕಟ್ಟುತ್ತಿದ್ದೆ. ಸದ್ದುಗಳನ್ನು ಬಿಡಿಸಿ ನೋಡುವುದೇ ನನ್ನ ಕಸುಬು. ವೇಗ ತಗ್ಗಿಸಿ, ಹಿಗ್ಗಿಸಿ, ತಿರುವಿಹಾಕಿ ಕೇಳಿದ್ದೇನೆ. ಯಾವುದೆಂದು ನನಗೆ ಗೊತ್ತಿಲ್ಲ.